ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ತಾಯಿತಂದೆಯರು

(ಗ್ರಾಮ ಕಾರ್ಯಕರ್ತರೊಬ್ಬರಿಂದ)

"ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾ ಮಾಡಿದ್ದು ಉತ್ತಮ" ಎಂಬ ಗಾದೆ ನಮ್ಮ ರೈತರಿಗೆ ಹೊಸದಲ್ಲ. ಬಿತ್ತನೆಯ ದಿನ ಕೂರಿಗೆಯ ಹಿಂದೆ ತಾನೇ ನಡೆಯದವನ ಹೊಲದಲ್ಲಿ ಸಾಲು ತಪ್ಪುತ್ತದೆ. ಕಾಳು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ತೆಳುವಾಗಿ ಬೀಳುತ್ತದೆ. ಕಣದಲ್ಲಿ ತಾನೇ ನಿಲ್ಲದವನ ರಾಶಿ ಕಡಮೆಯಾಗುತ್ತದೆ. ಇದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಈಗ ಪ್ರತಿಯೊಬ್ಬ ರೈತನಿಗೂ ಎರಡು ಹೊಲಗಳಿವೆ. ಒಂದು, ಊರ ಮುಂದಿರುವ ಮಣ್ಣಿನ ಹೊಲ. ಇನ್ನೊಂದು, ಕಂಪ್ಯೂಟರಿನಲ್ಲಿ ಬರೆದಿಟ್ಟಿರುವ ಹೊಲ. ಪಹಣಿ, ಬೆಳೆ ಸಮೀಕ್ಷೆ, ಬೆಳೆ ವಿಮೆ, ಬರ ಪರಿಹಾರ, ಪಿ.ಎಂ. ಕಿಸಾನ್ ಹಣ, ಬೆಂಬಲ ಬೆಲೆಯ ಖರೀದಿ ಇವೆಲ್ಲವೂ ನಡೆಯುವುದು ಈ ಎರಡನೆಯ ಹೊಲದ ಲೆಕ್ಕದ ಮೇಲೆ. ಮೊದಲನೆಯ ಹೊಲವನ್ನು ದಿನವೂ ಸುತ್ತಿ ಬರುವ ರೈತರಲ್ಲಿ ಎಷ್ಟೋ ಮಂದಿ ಎರಡನೆಯದನ್ನು ಒಮ್ಮೆಯೂ ಕಣ್ಣಾರೆ ನೋಡಿಲ್ಲ. ಅದರ ಸಾಗುವಳಿಯನ್ನೆಲ್ಲ ಬೇರೆಯವರ ಕೈಗೆ ಬಿಟ್ಟಿದ್ದೇವೆ. ಆ ಹೊಲಕ್ಕೂ ತಾಯಿತಂದೆಯರು ತಾವೇ ಇಳಿಯಬೇಕು, ಅದಕ್ಕೆ ದಾರಿ ನಮ್ಮ ಊರಿನ ಶಾಲೆಯಲ್ಲಿಯೇ ಇದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕಾಗದದಿಂದ ಕಂಪ್ಯೂಟರಿಗೆ

ಹಿಂದೆ ಪಹಣಿಯನ್ನು ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆಯುತ್ತಿದ್ದರು. ಸುಮಾರು 2000ದಿಂದ 2002ರೊಳಗೆ 'ಭೂಮಿ' ಯೋಜನೆಯಲ್ಲಿ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಅಚ್ಚಾದ ಪ್ರತಿ ಪಡೆದ ದಿನಗಳು ನಮ್ಮ ಹಿರಿಯರಿಗೆ ಇನ್ನೂ ನೆನಪಿವೆ. ಈಗ ಅದೇ ಪಹಣಿಯನ್ನು ಅಂತರ್ಜಾಲದಲ್ಲಿ ಮನೆಯಿಂದಲೇ ನೋಡಬಹುದು, ನೋಡುವುದಕ್ಕೆ ಶುಲ್ಕವಿಲ್ಲ.

2019ರಲ್ಲಿ ಪಿ.ಎಂ. ಕಿಸಾನ್ ಯೋಜನೆ ಬಂದಿತು. ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ನೇರವಾಗಿ ಬ್ಯಾಂಕಿನ ಖಾತೆಗೆ ಸೇರುತ್ತದೆ. ಆಧಾರಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಇದ್ದರೆ ಕಂತು ನಿಲ್ಲುತ್ತದೆ. 2020ರ ಮುಂಗಾರಿನಿಂದ ರೈತರೇ ತಮ್ಮ ಮೊಬೈಲಿನಿಂದ ಬೆಳೆಯ ಚಿತ್ರ ತೆಗೆದು ಬೆಳೆ ಸಮೀಕ್ಷೆಗೆ ಸೇರಿಸಲು ಅವಕಾಶವಾಯಿತು. ಅವಕಾಶಗಳು ಹೀಗೆ ಒಂದೊಂದಾಗಿ ಬಾಗಿಲಿಗೆ ಬಂದವು. ಬಾಗಿಲು ತೆರೆಯುವ ಕೈ ಮಾತ್ರ ನಮ್ಮದಾಗಲಿಲ್ಲ.

ನನ್ನ ತಪ್ಪು

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೃಷಿ ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬಂದ ಹೊಸದರಲ್ಲಿ ನನಗೆ ಬಹಳ ಹುರುಪು. ರೈತರು ಫ್ರೂಟ್ಸ್ ನೋಂದಣಿಗೆ, ವಿಮೆಗೆ, ಅರ್ಜಿಗಳಿಗೆ ಅಲೆಯುವುದನ್ನು ನೋಡಿ, "ನೀವು ಹೊಲಕ್ಕೆ ಹೋಗಿ, ನಾನು ಮಾಡಿಕೊಡುತ್ತೇನೆ" ಎಂದು ಎಲ್ಲವನ್ನೂ ನಾನೇ ತುಂಬಿಬಿಡುತ್ತಿದ್ದೆ. ಓಟಿಪಿ ಬೇಕಾದಾಗ ಅವರಿಗೆ ಫೋನು ಮಾಡಿ, "ಈಗ ಒಂದು ಸಂದೇಶ ಬಂದಿರುತ್ತದೆ, ಅದರಲ್ಲಿರುವ ಆರು ಅಂಕಿ ಹೇಳಿ" ಎಂದು ಕೇಳುತ್ತಿದ್ದೆ. ಅವರು ಹೇಳುತ್ತಿದ್ದರು. ಎರಡು ವರ್ಷ ಹೀಗೆಯೇ ನಡೆಯಿತು. ಇದು ಸೇವೆ ಎಂದೇ ತಿಳಿದಿದ್ದೆ.

ಒಂದು ದಿನ ನನ್ನ ವೃತ್ತದ ಹಿರಿಯ ರೈತರೊಬ್ಬರಿಗೆ ಫೋನು ಬಂದಿತು. ಆ ಕಡೆಯವನು ಚೆನ್ನಾಗಿ ಕನ್ನಡ ಮಾತನಾಡುತ್ತಿದ್ದ. ಕೃಷಿ ಕಚೇರಿಯವನೆಂದು ಹೇಳಿಕೊಂಡ. ನಿಮ್ಮ ಕಂತು ತಡೆಯಾಗಿದೆ, ಎಟಿಎಂ ಕಾರ್ಡಿನ ಎರಡು ಮಗ್ಗುಲಿನ ಅಂಕಿಗಳನ್ನೂ ಓದಿ ಎಂದ. ಅಜ್ಜನಿಗೆ ಇಂಗ್ಲಿಷ್ ಬಾರದು. ಎಂಟನೆಯ ತರಗತಿಯಲ್ಲಿ ಓದುವ ಮೊಮ್ಮಗಳನ್ನು ಕರೆದರು. ಅವಳು ಕಾರ್ಡಿನ ಅಂಕಿಗಳನ್ನು ಓದಿದಳು; ಆಮೇಲೆ ಬಂದ ಸಂದೇಶದ ಅಂಕಿಗಳನ್ನೂ ಓದಿದಳು. ಕಡಲೆಕಾಯಿ ಮಾರಿ ಖಾತೆಗೆ ಕಟ್ಟಿದ್ದ 18,000 ರೂಪಾಯಿ ಹೋಯಿತು. ಹೋದದ್ದು ತಿಳಿದದ್ದು ಮೂರನೆಯ ದಿನ, ಗೊಬ್ಬರ ತರಲು ಬ್ಯಾಂಕಿಗೆ ಹೋದಾಗ. ದೂರು ಕೊಟ್ಟೆವು, ಅಷ್ಟು ಹೊತ್ತಿಗೆ ಹಣ ಕೈದಾಟಿತ್ತು. ಅದು ಹಿಂದಿರುಗಿ ಬರಲಿಲ್ಲ.

ನಾನು ಅವರ ಮನೆಗೆ ಹೋಗಿ, "ಯಜಮಾನರೇ, ಗುರುತಿಲ್ಲದವನಿಗೆ ಏಕೆ ಹೇಳಿದಿರಿ?" ಎಂದೆ. ಅವರು ಬೈಯಲಿಲ್ಲ. "ನೀವು ಕೇಳಿದಾಗ ಹೇಳ್ತಿದ್ದೆನಲ್ಲ ಸ್ವಾಮಿ, ಹಂಗೇ ಹೇಳಿದೆ" ಎಂದರು. ಮೊಮ್ಮಗಳು ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಳ್ಳ ಬಂದದ್ದು ನಾನು ತುಳಿದು ಸವೆಸಿದ ದಾರಿಯಲ್ಲಿಯೇ. ಗಾದೆಯ ಮೂರು ಮಾತುಗಳಲ್ಲಿ ಮೊದಲನೆಯ ಆಳು ನಾನೇ ಆಗಿದ್ದೆ. ಎರಡನೆಯ ಮಾತಿನ ಅರ್ಥವೂ ಆಗ ಆಯಿತು. ಮಗುವಿಗೆ ಓದಲು ಬರುತ್ತಿತ್ತು, ಹಣದ ವಿಚಾರ ತಿಳಿಯದು. ಅಜ್ಜನಿಗೆ ಹಣದ ವಿಚಾರ ತಿಳಿಯುತ್ತಿತ್ತು, ಓದಲು ಬಾರದು. ಇಬ್ಬರೂ ಒಂದೇ ಮನೆಯಲ್ಲಿದ್ದರೂ ಒಂದೇ ಬೆಂಚಿನ ಮೇಲೆ ಕುಳಿತು ಕಲಿತಿರಲಿಲ್ಲ.

ಶಾಲೆಯೇ ಏಕೆ?

ಕಂಪ್ಯೂಟರ್ ಕಲಿಸುವ ಯತ್ನಗಳು ಹಿಂದೆ ನಡೆದಿಲ್ಲವೆಂದಲ್ಲ. ಕೇಂದ್ರ ಸರ್ಕಾರವು 2017ರಲ್ಲಿ ಪ್ರಧಾನ ಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವನ್ನು ತೆಗೆದುಕೊಂಡಿತು. ಮನೆಗೊಬ್ಬರಂತೆ 6 ಕೋಟಿ ಗ್ರಾಮೀಣ ಕುಟುಂಬಗಳಿಗೆ 20 ಗಂಟೆಗಳ ಪಾಠ ಕೊಡುವುದು ಅದರ ಗುರಿ. 2024ರ ಮಾರ್ಚ್ 31ಕ್ಕೆ ಅದು ಮುಗಿಯುವ ವೇಳೆಗೆ 6.39 ಕೋಟಿ ಜನ ತರಬೇತಿ ಪಡೆದಿದ್ದರು. ಇದು ಸಣ್ಣ ಕೆಲಸವಲ್ಲ. ಆದರೆ ವಯಸ್ಸಿನ ಮಿತಿ 14ರಿಂದ 60 ವರ್ಷ. ನಮ್ಮ ಕಡೆ ಹೆಸರು ಕೊಟ್ಟವರು ಬಹುಮಟ್ಟಿಗೆ ಕಾಲೇಜಿಗೆ ಹೋಗುವ ಹುಡುಗರು. ಅವರು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಪಹಣಿ ಮಾತ್ರ ಊರಿನಲ್ಲಿರುವ ಅಪ್ಪನ ಹೆಸರಿನಲ್ಲಿಯೇ ಇದೆ.

ನೆರೆಯ ಕೇರಳದಲ್ಲಿ 2002ರಲ್ಲಿ ಮಲಪ್ಪುರಂ ಜಿಲ್ಲೆಯಿಂದ 'ಅಕ್ಷಯ' ಎಂಬ ಯೋಜನೆ ಆರಂಭವಾಯಿತು. ಮನೆಗೊಬ್ಬರಾದರೂ ಕಂಪ್ಯೂಟರ್ ಬಲ್ಲವರಾಗಬೇಕೆಂಬುದು ಅದರ ಹಂಬಲ. ಅಲ್ಲಿನ ಶಾಲೆಗಳಲ್ಲಿ 2018ರಿಂದ 'ಲಿಟಲ್ ಕೈಟ್ಸ್' ಎಂಬ ಮಕ್ಕಳ ಸಂಘಗಳಿವೆ. 2022ರಲ್ಲಿ ಈ ಸಂಘಗಳ ಮೂಲಕ ತಾಯಂದಿರಿಗೆ ಅಂತರ್ಜಾಲದ ಮೋಸಗಳಿಂದ ಪಾರಾಗುವ ಪಾಠ ನಡೆಯಿತು. ಶಾಲೆಯ ಮೂಲಕ ಮನೆಯನ್ನು ಮುಟ್ಟಬಹುದೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಹಳ್ಳಿಗಳಲ್ಲಿಯೂ ಶಾಲೆಗಿಂತ ತಕ್ಕ ಸ್ಥಳ ಇನ್ನೊಂದಿಲ್ಲ. ಕಾರಣಗಳು ಮೂರು. ಮೊದಲನೆಯದಾಗಿ, ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರುಗಳು ಈಗಾಗಲೇ ಇವೆ. ಸಾಯಂಕಾಲ ಗಂಟೆ ಬಾರಿಸಿದ ಮೇಲೆ ಆ ಕೊಠಡಿಗೆ ಬೀಗ ಬೀಳುತ್ತದೆ. ಎರಡನೆಯದಾಗಿ, ಶಾಲೆಯು ಯಾವ ಒಂದು ಕೇರಿಯ ಸೊತ್ತೂ ಅಲ್ಲ. ಎಲ್ಲ ಕೇರಿಯ ಹೆಂಗಸರೂ ಸಂಕೋಚವಿಲ್ಲದೆ ಬರಬಹುದು. ಮೂರನೆಯದಾಗಿ, ಮಗು ಅಲ್ಲಿಯೇ ಇರುತ್ತದೆ. ಕಲಿತದ್ದು ಮನೆಗೆ ಹೋದ ಮೇಲೆ ಮರೆತರೆ ನೆನಪು ಮಾಡಲು ಒಬ್ಬರಾದರೂ ಇರುತ್ತಾರೆ.

ಏರ್ಪಾಡು ಮಾಡುವ ಕ್ರಮ

ನನ್ನ ವೃತ್ತದ ಒಂದು ಪ್ರೌಢಶಾಲೆಯಲ್ಲಿ ನಾವು ನಡೆಸಿದ ರೀತಿಯನ್ನು ತಿಳಿಸುತ್ತೇನೆ. ಬೇರೆ ಊರಿನವರು ತಮ್ಮ ಅನುಕೂಲಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು.

ಮೊದಲು ಮುಖ್ಯೋಪಾಧ್ಯಾಯರನ್ನು ಕಂಡು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ವಿಷಯವನ್ನು ಇಟ್ಟೆವು. ಸಮಿತಿಯಲ್ಲಿ ಪೋಷಕರೇ ಇರುವುದರಿಂದ ಒಪ್ಪಿಸುವುದು ಕಷ್ಟವಾಗಲಿಲ್ಲ. ಕೀಲಿ ಯಾರ ಬಳಿ ಇರಬೇಕು, ಯಂತ್ರ ಕೆಟ್ಟರೆ ಯಾರು ರಿಪೇರಿ ಮಾಡಿಸಬೇಕು, ಎಷ್ಟು ಹೊತ್ತಿಗೆ ಬಾಗಿಲು ಮುಚ್ಚಬೇಕು ಎಂಬುದನ್ನು ನಡವಳಿ ಪುಸ್ತಕದಲ್ಲಿ ಬರೆಸಿದೆವು. ಬರಹವಿಲ್ಲದೆ ಪ್ರಾರಂಭಿಸಿದರೆ ಮೊದಲನೆಯ ಯಂತ್ರ ಕೆಟ್ಟ ದಿನವೇ ಜಗಳವಾಗುತ್ತದೆ.

ಕೊಠಡಿಯಲ್ಲಿ ಹತ್ತು ಕಂಪ್ಯೂಟರುಗಳಿದ್ದವು, ನಡೆಯುತ್ತಿದ್ದವು ಏಳು. ಆದ್ದರಿಂದ ಒಂದು ತಂಡಕ್ಕೆ ಏಳು ಕುಟುಂಬ. ಒಂದು ಯಂತ್ರದ ಮುಂದೆ ಒಬ್ಬ ದೊಡ್ಡವರು, ಪಕ್ಕದಲ್ಲಿ ಅವರ ಮನೆಯ ಮಗು. ಇದಕ್ಕಿಂತ ಹೆಚ್ಚು ಜನರನ್ನು ಕೂರಿಸಬಾರದು. ನೋಡುವವರು ಹೆಚ್ಚಾದಷ್ಟೂ ಮಾಡುವವರು ಕಡಮೆಯಾಗುತ್ತಾರೆ.

ವೇಳೆಯ ವಿಷಯದಲ್ಲಿ ಒಮ್ಮೆ ಎಡವಿದೆವು. ಸಾಯಂಕಾಲ ಆರು ಗಂಟೆಗೆ ಪಾಠವೆಂದು ಸಾರಿದೆವು. ಗಂಡಸರು ಬಂದರು, ಹೆಂಗಸರು ಒಬ್ಬರೂ ಬರಲಿಲ್ಲ. ವಿಚಾರಿಸಿದಾಗ ಅದು ಹಾಲು ಕರೆದು ಡೇರಿಗೆ ಹಾಕುವ ಹೊತ್ತು, ಒಲೆ ಹಚ್ಚುವ ಹೊತ್ತು ಎಂದು ತಿಳಿಯಿತು. ಶನಿವಾರ ಶಾಲೆ ಬೆಳಿಗ್ಗೆ ನಡೆಯುವುದರಿಂದ ಮಧ್ಯಾಹ್ನ ಕೊಠಡಿ ಖಾಲಿ. ಹೆಂಗಸರ ತಂಡವನ್ನು ಶನಿವಾರ ಮತ್ತು ಭಾನುವಾರ ಮಧ್ಯಾಹ್ನಕ್ಕೆ ಬದಲಾಯಿಸಿದ ಮೇಲೆ ಏಳು ಜಾಗಕ್ಕೆ ಹನ್ನೊಂದು ಮಂದಿ ಬಂದರು.

ಕಾಲವೂ ಮುಖ್ಯ. ಬಿತ್ತನೆ, ಕಳೆ, ಕೊಯ್ಲಿನ ದಿನಗಳಲ್ಲಿ ಪಾಠವಿಟ್ಟರೆ ಯಾರೂ ಬರುವುದಿಲ್ಲ, ಬರಬೇಕೆಂದು ಹೇಳುವುದೂ ನ್ಯಾಯವಲ್ಲ. ಮಾರ್ಚ್ ಸಮೀಪಿಸಿದರೆ ಮಕ್ಕಳಿಗೆ ಪರೀಕ್ಷೆಯ ತೊಂದರೆ. ನಮ್ಮ ಕಡೆಗೆ ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಕಾಲ ಹಿತವಾಗಿದೆ.

ಹತ್ತು ಪಾಠಗಳು

ದಿನಕ್ಕೆ ಎರಡು ಗಂಟೆಯಂತೆ ಹತ್ತು ಪಾಠ, ಒಟ್ಟು 20 ಗಂಟೆ. ಒಂದೇ ಒಂದು ಕಟ್ಟುನಿಟ್ಟು: ಮೌಸು ಮತ್ತು ಕೀಲಿಮಣೆ ದೊಡ್ಡವರ ಕೈಯಲ್ಲಿರಬೇಕು. ಮಗು ಬಾಯಲ್ಲಿ ಹೇಳಬಹುದು, ಕೈ ಹಾಕಬಾರದು. ಮಕ್ಕಳಿಗೆ ಇದು ಬಹಳ ಕಷ್ಟ. ಅವರ ಬೆರಳು ತಾನಾಗಿಯೇ ಮುಂದೆ ಹೋಗುತ್ತದೆ. ಕೊನೆಗೆ ಉಪಾಧ್ಯಾಯರು ಮಕ್ಕಳಿಗೆಲ್ಲ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿರೆಂದು ಆಜ್ಞೆ ಮಾಡಿದರು.

1. ಮೊದಲನೆಯ ದಿನ ಯಂತ್ರವನ್ನು ಹಚ್ಚುವುದು, ಆರಿಸುವುದು, ಮೌಸು ಹಿಡಿಯುವುದು. ಚಿತ್ರ ಬರೆಯುವ ಕಿಟಕಿ ತೆರೆದು ರಂಗೋಲಿ ಹಾಕಲು ಹೇಳಿದೆವು. ಮೊದಲ ಹತ್ತು ನಿಮಿಷ ಗೆರೆಗಳೆಲ್ಲ ಹಾವಿನಂತೆ ಓಡಿದವು. ಗಂಟೆ ಮುಗಿಯುವುದರೊಳಗೆ ಚುಕ್ಕೆ ಸೇರಿಸುವ ಕೈಗಳು ಹಿಡಿತಕ್ಕೆ ಬಂದವು.

2 ಮತ್ತು 3. ಕನ್ನಡದಲ್ಲಿ ಬರೆಯುವುದು. ನುಡಿ ತಂತ್ರಾಂಶದಲ್ಲಿರುವ ಕೀಲಿಮಣೆಯ ಜೋಡಣೆ ಕೆ.ಪಿ. ರಾವ್ ಅವರು ರೂಪಿಸಿದ್ದು. ಕೆ ಒತ್ತಿದರೆ ಕ. ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. ಎ, ಎಂ, ಎಫ್, ಎಂ ಎಂದು ನಾಲ್ಕು ಕೀಲಿ ಒತ್ತಿದರೆ 'ಅಮ್ಮ' ಎಂದಾಗುತ್ತದೆ. ಪ್ರತಿಯೊಬ್ಬರೂ ತಮ್ಮ ಹೆಸರು, ಮಕ್ಕಳ ಹೆಸರು, ಊರಿನ ಹೆಸರು ಬರೆಯುವವರೆಗೆ ಮುಂದಕ್ಕೆ ಹೋಗುವಂತಿಲ್ಲ.

4 ಮತ್ತು 5. ಪಹಣಿ ನೋಡುವುದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರು ಮತ್ತು ಹಿಸ್ಸಾ ಕೊಟ್ಟರೆ ಪಹಣಿ ಪರದೆಯ ಮೇಲೆ ಬರುತ್ತದೆ. 3ನೆಯ ಕಾಲಮಿನಲ್ಲಿ ವಿಸ್ತೀರ್ಣ ಮತ್ತು ಖರಾಬು, 9ರಲ್ಲಿ ಹಕ್ಕುದಾರರ ಹೆಸರು, 11ರಲ್ಲಿ ಸಾಲ ಮುಂತಾದ ಋಣಗಳು, 12ರಲ್ಲಿ ಸಾಗುವಳಿ ಮತ್ತು ಬೆಳೆ. ಹಳೆಯ ಬ್ಯಾಂಕ್ ಸಾಲ ತೀರಿಸಿದ್ದರೂ 11ರಲ್ಲಿ ಹಾಗೆಯೇ ಉಳಿದಿದೆಯೇ, ತೀರಿಹೋದ ತಂದೆಯ ಹೆಸರು 9ರಲ್ಲಿ ಇನ್ನೂ ಇದೆಯೇ ಎಂಬುದನ್ನು ಅವರವರೇ ನೋಡಿಕೊಳ್ಳಬೇಕು. ನಮ್ಮ ತಂಡದಲ್ಲಿ ಇಬ್ಬರಿಗೆ ಇಂಥ ತಪ್ಪು ಕಣ್ಣಿಗೆ ಬಿದ್ದು, ಮರುದಿನವೇ ನಾಡಕಚೇರಿಗೆ ಹೊರಟರು.

6. ಬೆಳೆ ಸಮೀಕ್ಷೆ ಮತ್ತು ವಿಮೆ. ವಿಮೆ ಕಟ್ಟಿದ ಬೆಳೆಯೇ ಸಮೀಕ್ಷೆಯಲ್ಲಿಯೂ ಇರಬೇಕು. ಹೊಂದದಿದ್ದರೆ ಪರಿಹಾರಕ್ಕೆ ತೊಡಕು. ಒಬ್ಬ ತಾಯಿ ತಾವು ಕಡಲೆಕಾಯಿ ಹಾಕಿದ್ದ ಹೊಲದಲ್ಲಿ ರಾಗಿ ಎಂದು ಬರೆದಿದ್ದುದನ್ನು ಕಂಡರು. ಇಂಥ ತಪ್ಪಿಗೆ 'ಬೆಳೆ ದರ್ಶಕ' ಆ್ಯಪಿನಲ್ಲಿ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಆಲಿಕಲ್ಲಿನಿಂದಲೋ ನೀರು ನಿಂತೋ ವಿಮೆಯ ಬೆಳೆ ಕೆಟ್ಟರೆ 72 ಗಂಟೆಯೊಳಗೆ ತಿಳಿಸಬೇಕೆಂಬುದನ್ನೂ ಈ ದಿನವೇ ಹೇಳಿಕೊಡುತ್ತೇವೆ.

7. ಧಾರಣೆ. ಕೃಷಿ ಮಾರಾಟ ವಾಹಿನಿಯಲ್ಲಿ ಚಳ್ಳಕೆರೆಯ ಮಾರುಕಟ್ಟೆಯ ಕಡಲೆಕಾಯಿ ಬೆಲೆ, ಹತ್ತಿರದ ಸಂತೆಯ ಬೆಲೆ ಎರಡನ್ನೂ ನೋಡಿ, ಸಾಗಾಣಿಕೆಯ ಖರ್ಚು ಕಳೆದು ಎಲ್ಲಿ ಲಾಭವೆಂದು ಲೆಕ್ಕ ಹಾಕುವುದು. ಇಲ್ಲಿ ಮಾತ್ರ ದೊಡ್ಡವರೇ ಮಕ್ಕಳಿಗೆ ಗುರುಗಳಾದರು.

8. ಮಗುವಿನ ಪಾಠ. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಚೌಕದ ಗುರುತನ್ನು ಮೊಬೈಲಿಗೆ ತೋರಿಸಿದರೆ ದೀಕ್ಷಾದಲ್ಲಿ ಆ ಪಾಠ ತೆರೆಯುತ್ತದೆ. ಮಗು ಮೊಬೈಲ್ ಹಿಡಿದಿರುವುದು ಪಾಠಕ್ಕೋ ಆಟಕ್ಕೋ ಎಂದು ತಾಯಿ ಗುರುತಿಸಲು ಇಷ್ಟು ತಿಳಿದರೆ ಸಾಕು.

9 ಮತ್ತು 10. ಹಣ ಮತ್ತು ಎಚ್ಚರಿಕೆ. ಇದನ್ನು ಪ್ರತ್ಯೇಕವಾಗಿ ಹೇಳಬೇಕು.

ಬೀಗದ ಕೈ ಯಾರ ಬಳಿ?

ಕಂಪ್ಯೂಟರ್ ಕಲಿತು ಎಚ್ಚರಿಕೆ ಕಲಿಯದಿರುವುದು ಬಾವಿ ತೋಡಿ ಕಟ್ಟೆ ಕಟ್ಟದಿರುವಂತೆ. ಕೆಳಗಿನ ಮಾತುಗಳನ್ನು ತಂಡದವರಿಂದ ಬಾಯಿಪಾಠ ಮಾಡಿಸುತ್ತೇವೆ.

ಓಟಿಪಿ ಎಂದರೆ ನಿಮ್ಮ ಪೆಟ್ಟಿಗೆಯ ಬೀಗದ ಕೈ. ಫೋನಿನಲ್ಲಿ ಕೇಳಿದ ಯಾರಿಗೂ ಅದನ್ನು ಹೇಳಬಾರದು; ಬ್ಯಾಂಕಿನವರೆಂದರೂ, ಕಚೇರಿಯವರೆಂದರೂ, ಈ ಲೇಖನ ಬರೆದ ನಾನೇ ಕೇಳಿದರೂ ಹೇಳಬಾರದು.

ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ. ಹಣ ಬರುತ್ತದೆ, ಪಿನ್ ಒತ್ತಿ ಎಂದವನು ಮೋಸಗಾರ.

ಹಣ ಹೋದದ್ದು ತಿಳಿದ ಕೂಡಲೆ 1930ಕ್ಕೆ ಫೋನು ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತದೆ. ಬೇಗ ತಿಳಿಸಿದಷ್ಟೂ ಅದನ್ನು ತಡೆಹಿಡಿಯುವ ಸಂಭವ ಹೆಚ್ಚು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ಗ್ರಾಹಕನು ತಾನೇ ಗುಟ್ಟಿನ ಅಂಕಿಯನ್ನು ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು. ಆದ್ದರಿಂದ ನಾಚಿಕೆಯಿಂದ ಮುಚ್ಚಿಟ್ಟುಕೊಂಡು ಕೂರುವ ಒಂದೊಂದು ಗಂಟೆಗೂ ಬೆಲೆಯಿದೆ.

ಹಣ ಕಳುಹಿಸುವ ಕೆಲಸವನ್ನು ಶಾಲೆಯ ಯಂತ್ರದಲ್ಲಿ ನಾವು ಮಾಡಿಸುವುದಿಲ್ಲ. ಹತ್ತು ಜನ ಮುಟ್ಟುವ ಯಂತ್ರ ಅದಕ್ಕೆ ತಕ್ಕುದಲ್ಲ. ಅದನ್ನು ಅವರವರ ಮೊಬೈಲಿನಲ್ಲಿಯೇ ಕಲಿಸುತ್ತೇವೆ. ಶಾಲೆಯ ಯಂತ್ರದಲ್ಲಿ ಯಾವ ಖಾತೆ ತೆರೆದರೂ ಏಳುವ ಮೊದಲು ಅದನ್ನು ಮುಚ್ಚಿ ಏಳಬೇಕು.

ಕೆಲವರ ಸಂದೇಹಗಳು

"ನಮಗೆ ಓದುಬರಹ ಬಾರದು, ನಾವು ಬಂದು ಏನು ಮಾಡುವುದು?" ಎಂದು ಕೆಲವರು ಕೇಳುತ್ತಾರೆ. ಅಂಕಿ ಗುರುತಿಸಬಲ್ಲವರು ಬರಬಹುದು. ಸರ್ವೆ ನಂಬರು, ಎಕರೆ, ಗುಂಟೆ, ರೂಪಾಯಿ ಎಲ್ಲವೂ ಅಂಕಿಯೇ. ನಮ್ಮ ತಂಡದ ಒಬ್ಬ ತಾಯಿ ಕೀಲಿಮಣೆಯಲ್ಲಿ ತಮ್ಮ ಹೆಸರನ್ನು ಒತ್ತಿ ಒತ್ತಿ, ಅದರಿಂದಲೇ ಅಕ್ಷರ ಕಲಿಯಲು ತೊಡಗಿದ್ದಾರೆ.

"ಕೈಯಲ್ಲಿ ಮೊಬೈಲ್ ಇರುವಾಗ ಕಂಪ್ಯೂಟರ್ ಏಕೆ?" ಎಂಬುದು ಯುವಕರ ಪ್ರಶ್ನೆ. ಪಹಣಿಯಂಥ ಅಗಲವಾದ ಪತ್ರವನ್ನು ಸಣ್ಣ ಪರದೆಯಲ್ಲಿ ಓದುವುದು ವಯಸ್ಸಾದವರಿಗೆ ಕಷ್ಟ. ದೊಡ್ಡ ಪರದೆಯಲ್ಲಿ ಕಲಿತ ಮೇಲೆ ಮೊಬೈಲಿನಲ್ಲಿ ಮಾಡುವುದು ಸುಲಭ.

"ನಾವು ಒತ್ತಿ ಯಂತ್ರ ಕೆಟ್ಟರೆ?" ಎಂಬ ಭಯ ಎಲ್ಲರಿಗೂ ಇದೆ. ತಪ್ಪು ಕೀಲಿ ಒತ್ತಿದರೆ ಯಂತ್ರ ಕೆಡುವುದಿಲ್ಲ. ಅದನ್ನು ಕೆಡಿಸುವುದು ಧೂಳು, ಇಲಿ ಮತ್ತು ವರ್ಷಗಟ್ಟಲೆ ಬೀಗ ಹಾಕಿದ ಕೊಠಡಿ. ನಮ್ಮ ಶಾಲೆಯಲ್ಲಿ ಕೆಟ್ಟಿದ್ದ ಮೂರು ಯಂತ್ರಗಳಲ್ಲಿ ಒಂದರ ತಂತಿಯನ್ನು ಇಲಿ ಕಡಿದಿತ್ತು.

ಕೊನೆಯ ಮಾತು

ಮೊದಲನೆಯ ತಂಡದಲ್ಲಿಯೇ ಆ ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಬಂದು ಕುಳಿತರು. ನಾನು ಕರೆಯಲು ಅಂಜಿದ್ದೆ, ಅವರೇ ಬಂದರು. ಹತ್ತು ದಿನವೂ ತಪ್ಪಿಸಲಿಲ್ಲ. ಹೋದ ಹಣ ಬರಲಿಲ್ಲವೆಂಬುದು ನಿಜ. ಆದರೆ ಕಳೆದ ಮುಂಗಾರಿನಲ್ಲಿ ಅವರ ಒಂದು ಅರ್ಜಿಯ ಕೆಲಸವಿತ್ತು. ನಾನು ಬೇರೆ ಹಳ್ಳಿಯಲ್ಲಿದ್ದೆ. ಹಳೆಯ ಅಭ್ಯಾಸದಿಂದ ಫೋನು ಮಾಡಿ, "ಯಜಮಾನರೇ, ಈಗೊಂದು ಓಟಿಪಿ ಬಂದಿರುತ್ತದೆ..." ಎಂದುಬಿಟ್ಟೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಜ್ಜ, "ಅದನ್ನ ಯಾರಿಗೂ ಹೇಳಬಾರ್ದು ಅಂತ ನೀವೇ ಹೇಳಿದ್ದೀರಲ್ಲ ಸ್ವಾಮಿ. ನಾಳೆ ಇಲ್ಲಿಗೆ ಬನ್ನಿ, ನಾನೇ ಒತ್ತುತೀನಿ" ಎಂದರು.

ಮರುದಿನ ಹೋದೆ. ಅವರೇ ಒತ್ತಿದರು. ಮೊಮ್ಮಗಳು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

ನಿಮ್ಮ ಊರಿನ ಶಾಲೆಯಲ್ಲಿಯೂ ಇಂಥ ಕೊಠಡಿಯೊಂದು ಇರಬಹುದು. ಮುಂದಿನ ಶನಿವಾರ ಮಧ್ಯಾಹ್ನ ನಾಲ್ಕು ಮಂದಿ ಪೋಷಕರು ಸೇರಿ ಮುಖ್ಯೋಪಾಧ್ಯಾಯರನ್ನು ಕಾಣಿರಿ. ಬೀಗ ತೆಗೆಸಿ, ಧೂಳು ಹೊಡೆಯಿರಿ, ಎಷ್ಟು ಯಂತ್ರ ನಡೆಯುತ್ತವೆಂದು ಎಣಿಸಿರಿ. ಎರಡೇ ನಡೆದರೂ ಎರಡು ಕುಟುಂಬಗಳಿಂದ ಪ್ರಾರಂಭಿಸಬಹುದು.